ಮೀನಿನ ಮೇಲೆ ಕಾಲಿಡಿ

ಚಪ್ಪಲಿ ಬಿಚ್ಚಿ ಬನ್ನಿ. ಬಲಗಾಲು ಊರಲು ಆಗುತ್ತಿಲ್ಲ, ಗೊತ್ತು. ಹೆಬ್ಬೆರಳಿನ ಬುಡ ಬಾತು ಕೆಂಪಗಾಗಿದೆ. ನಿನ್ನೆ ರಾತ್ರಿ ಹೊದಿಕೆಯ ಅಂಚು ತಗುಲಿದ್ದಕ್ಕೇ ಚೀರಿಕೊಂಡಿರಿ. ಗೌಟ್ ಎಂದರೆ ಹಾಗೆಯೇ. ಇದು ಕ್ರಿ.ಶ. 47ರ ಆಸುಪಾಸು, ರೋಮ್‌ನಲ್ಲಿ ಕ್ಲಾಡಿಯಸ್ ಚಕ್ರವರ್ತಿ. ನೀವು ನಿಂತಿರುವುದು ಅಲೆ ಬಂದು ತೋಯಿಸುವ ಮರಳಿನ ಮೇಲೆ. ಒಣಮರಳು ಆಗದು ಎಂದಿದ್ದಾನೆ ವೈದ್ಯ.

ಆಳು ಬುಟ್ಟಿ ಬಗ್ಗಿಸುತ್ತಾನೆ. ಕಾವಲಿಯಗಲದ ಕಪ್ಪು ಮೀನು ತಪ್ಪೆಂದು ಬೀಳುತ್ತದೆ: ತೊರಕೆಯ ಬಳಗದ ಟಾರ್ಪಿಡೊ. ಹುರುಪೆಯಿಲ್ಲ, ಮೈಯೆಲ್ಲ ಲೋಳೆ. ಲೋಳೆಯ ಹಸಿ ವಾಸನೆ ಮೂಗಿಗೆ ಹೊಡೆಯುತ್ತದೆ. ಪುಟ್ಟ ಕಣ್ಣುಗಳ ಹಿಂದಿನ ತೂತುಗಳು ತೆರೆದು ಮುಚ್ಚುತ್ತಿವೆ. ಜೀವ ಇದೆ, ಸತ್ತ ಮೀನಿನಿಂದ ಪ್ರಯೋಜನವಿಲ್ಲ. ತಲೆಯ ಎರಡೂ ಪಕ್ಕ ಮೂತ್ರಪಿಂಡದ ಆಕಾರದ ಉಬ್ಬುಗಳಿವೆಯಲ್ಲ, ಹೊಡೆತ ಅಲ್ಲಿಂದ ಬರುತ್ತದೆ.

ಹಿಂದೊಮ್ಮೆ ಚಕ್ರವರ್ತಿಯಾಗಿದ್ದ ಟೈಬೀರಿಯಸ್ ಬಿಡುಗಡೆ ಮಾಡಿದ ಗುಲಾಮ ಆಂಟೆರೋಸ್‌ಗೆ ಇದರಿಂದಲೇ ಗುಣವಾಯಿತಂತೆ. ವೈದ್ಯ ಸ್ಕ್ರಿಬೋನಿಯಸ್ ಲಾರ್ಗಸ್ ಹಾಗೆಂದು ಬರೆದಿಟ್ಟಿದ್ದಾನೆ. ನಂಬಲು ನಿಮಗಿರುವ ಆಧಾರ ಅಷ್ಟೇ.

ಕಾಲು ಎತ್ತುತ್ತೀರಿ. ಅಂಗಾಲಿಗೆ ತಣ್ಣನೆಯ ಮೆತ್ತನೆಯ ಮೈ ತಾಗುತ್ತದೆ. ಏನೂ ಆಗುವುದಿಲ್ಲ. ಸ್ವಲ್ಪ ಭಾರ ಬಿಡುತ್ತೀರಿ.

ಧಡ್! ಹಿಮ್ಮಡಿ ಅದುರುತ್ತದೆ. ಮೀನಖಂಡ ಗಂಟು ಕಟ್ಟುತ್ತದೆ. ಹಲ್ಲು ಕಚ್ಚಿಕೊಳ್ಳುತ್ತದೆ. ಯಾರೂ ಹೇಳದೆಯೇ ಕಾಲು ಹಾರಿ ಪಕ್ಕಕ್ಕೆ ಬಿದ್ದಿದೆ.

“ಮತ್ತೆ ಇಡಿ,” ಎನ್ನುತ್ತಾನೆ ವೈದ್ಯ.

ಮೊದಲ ಸಲ ಇಡುವುದಕ್ಕೆ ಧೈರ್ಯವೇನೂ ಬೇಕಿರಲಿಲ್ಲ, ಏನಾದೀತೆಂದು ಗೊತ್ತಿರಲಿಲ್ಲ. ಈಗ ಗೊತ್ತು. ದೊಡ್ಡ ಟಾರ್ಪಿಡೊ 200 ವೋಲ್ಟ್‌ನಷ್ಟು ಹೊಡೆಯಬಲ್ಲದು. ಆದರೆ ವೋಲ್ಟ್ ಎಂಬುದೇ ಇನ್ನೂ ಹುಟ್ಟಿಲ್ಲ. ಈ ಹೊಡೆತ ವಿದ್ಯುತ್ತೆಂದು ಸಂಶೋಧಕ ಜಾನ್ ವಾಲ್ಷ್ ಫ್ರಾನ್ಸಿನ ಲಾ ರೊಶೆಲ್‌ನಲ್ಲಿ ತೋರಿಸಿಕೊಡುವುದು 1772ರಲ್ಲಿ. ಆಳಿನ ಹೆಗಲು ಹಿಡಿದು ನೀವು ಮತ್ತೆ ಕಾಲಿಡುತ್ತೀರಿ.

ಹೊಡೆತ, ಇನ್ನೊಂದು, ಮತ್ತೊಂದು. ಪಾದವೆಲ್ಲ ಜುಮುಜುಮು. ಮೀನು ಸುಸ್ತಾದಂತೆ ಪೆಟ್ಟು ಸಪ್ಪೆಯಾಗುತ್ತದೆ, ಜೋಮು ಮಾತ್ರ ಗಿಣ್ಣು ದಾಟಿ ಮೇಲೇರುತ್ತದೆ. ಹೆಬ್ಬೆರಳನ್ನು ಹುಡುಕುತ್ತೀರಿ: ಅಲ್ಲೇ ಇದೆ, ನೋವು ದೂರದಲ್ಲಿದೆ. ಸ್ಪರ್ಶದ ದಪ್ಪ ನರಗಳು ಗದ್ದಲವೆಬ್ಬಿಸಿದರೆ ಬೆನ್ನುಹುರಿಯಲ್ಲಿ ನೋವಿನ ಬಾಗಿಲು ಅರೆಮುಚ್ಚುತ್ತದೆ ಎಂದು ಸಂಶೋಧಕರಾದ ಮೆಲ್ಜಾಕ್ ಮತ್ತು ವಾಲ್ 1965ರಲ್ಲಿ ವಾದಿಸುತ್ತಾರೆ. ಇಂದು ಫಿಸಿಯೋಥೆರಪಿಯವರು ಬೆನ್ನಿಗೆ ಅಂಟಿಸುವ, ವಿದ್ಯುತ್ ಹರಿಸುವ ಟೆನ್ಸ್ ಪ್ಯಾಡ್‌ಗಳ ಹಿಂದಿರುವುದೂ ಮುಖ್ಯವಾಗಿ ಇದೇ ವಾದ. ಅವರ ಕೈಯಲ್ಲಿ ತಿರುಗಿಸಿ ಕಡಿಮೆ ಮಾಡಲು ಗುಂಡಿಯಿದೆ. ನಿಮಗಿರುವ ಗುರುತು ಮೊಣಕಾಲು: ಜೋಮು ಅಲ್ಲಿಗೆ ಮುಟ್ಟಿದರೆ ಸಾಕು.

ಮುಟ್ಟಿತು. ಕಾಲು ತೆಗೆಯುತ್ತೀರಿ.

“ಇನ್ನು ಮುಂದೆಯೂ ಬಾರದು,” ಎಂದು ವೈದ್ಯ ಭರವಸೆ ಕೊಡುತ್ತಾನೆ. ಅದನ್ನು ನಾನು ನಂಬುವುದಿಲ್ಲ. ಕೀಲಿನೊಳಗಿನ ಯೂರಿಕ್ ಆಮ್ಲದ ಹರಳನ್ನು ಯಾವ ಮೀನೂ ಕರಗಿಸದು. ಆತನ ಗಮನವಾಗಲೇ ಆಳಿನ ಕಡೆಗೆ: “ನೀರಿಗೆ ಬಿಡಬೇಡ. ತಲೆನೋವಿನವನು ಕಾಯುತ್ತಿದ್ದಾನೆ. ಒಂದು ಸಾಲದಿದ್ದರೆ ಬೇಕಾದೀತು, ಇನ್ನೆರಡು ಹಿಡಿದು ತಾ.”