ಅರಿಶಿನದ ಗುಳಿಗೆ, ಅಕ್ಕನ ಬೆರಳು

ಇಪ್ಪತ್ತೆಂಟು ವರ್ಷ ಡೊಂಬಿವಲಿಯಿಂದ ವಿ.ಟಿ.ಗೆ ಲೋಕಲ್‌ನಲ್ಲಿ ನಿಂತೇ ಓಡಾಡಿದವನು ನಾನು. ಮೊಣಕಾಲು ನೋಯದೆ ಇದ್ದೀತೆ? ಕಳೆದ ವರ್ಷ ಬ್ಯಾಂಕಿನ ಸಹೋದ್ಯೋಗಿಯೊಬ್ಬರು ಒಂದು ಡಬ್ಬಿ ಕೈಗಿಟ್ಟರು. ಕರ್ಕ್ಯುಮಿನ್ ಕ್ಯಾಪ್ಸೂಲ್. ಅಂದರೆ ಅರಿಶಿನದ ಸಾರ, ಜತೆಗೆ ಕರಿಮೆಣಸಿನ ಪೈಪರಿನ್. ಡಬ್ಬಿಯ ಒಂದು ಬದಿಗೆ ‘ಉರಿಯೂತ ತಗ್ಗಿಸುತ್ತದೆ’ ಅಂತ, ಇನ್ನೊಂದು ಬದಿಗೆ ‘ಇಮ್ಯುನಿಟಿ ಹೆಚ್ಚಿಸುತ್ತದೆ’ ಅಂತ ಬರೆದಿತ್ತು. ನುಂಗಿದೆ. ನೋವು ಸ್ವಲ್ಪ ತಗ್ಗಿದಂತೆಯೂ ಅನ್ನಿಸಿತು. ದೀಪಾವಳಿಗೆ ಧಾರವಾಡಕ್ಕೆ ಹೋದಾಗ ಅಕ್ಕನಿಗೂ ಎರಡು ಡಬ್ಬಿ ಒಯ್ದೆ.

ಅಕ್ಕನದು ನನ್ನಂಥ ಸವೆತದ ನೋವಲ್ಲ, ರುಮಟಾಯ್ಡ್ ಸಂಧಿವಾತ. ಮೈ ಕಾಯಬೇಕಾದ ರೋಗನಿರೋಧಕ ಶಕ್ತಿಯೇ ತಿರುಗಿಬಿದ್ದು ಸ್ವಂತ ಕೀಲುಗಳನ್ನು ಕಡಿಯುವ ಕಾಯಿಲೆ. ಅದನ್ನು ಹದ್ದಿನಲ್ಲಿಡಲು ವಾರಕ್ಕೊಮ್ಮೆ ಮೆಥೊಟ್ರೆಕ್ಸೇಟ್ ಗುಳಿಗೆ.

ಸಂಕ್ರಾಂತಿ ಹೊತ್ತಿಗೆ ಅಕ್ಕನ ಫೋನು. "ತಮ್ಮಾ, ಬೆರಳು ಬಾತಾವ. ರೊಟ್ಟಿ ಬಡಿಯಾಕ ಬರವಲ್ಲದು." ಡಾಕ್ಟರ್ ಕೊಟ್ಟ ಗುಳಿಗೆ? "ಅದನ್ನ ಬಿಟ್ಟು ಎರಡು ತಿಂಗಳಾತು. ನೀ ಕೊಟ್ಟಿದ್ದು ಅದ ಅಲ್ಲ. ಎರಡೆರಡು ಯಾಕ ಅಂತ..."

ಅವತ್ತೇ ರಾತ್ರಿ ಬಸ್ ಹತ್ತಿದೆ.

ಅಲ್ಲಿನ ಡಾಕ್ಟರ್ ಬೈಯಲಿಲ್ಲ, ಬೈದಿದ್ದರೆ ಹಗುರಾಗುತ್ತಿತ್ತು. ಲಿವರ್ ಟೆಸ್ಟ್ ಬರೆದುಕೊಟ್ಟು ನನ್ನನ್ನು ಕೂರಿಸಿ ಹೇಳಿದರು: ಮುಳ್ಳು ಚುಚ್ಚಿದ ಬೆರಳು ಕೆಂಪಾಗಿ, ಬಿಸಿಯಾಗಿ ಬಾಯುತ್ತದಲ್ಲ, ಅದೇ ಉರಿಯೂತ. ರಕ್ತದ ಬಿಳಿಕಣಗಳು ಬಂದು ಕೆಲಸಕ್ಕೆ ನಿಂತ ಗುರುತು ಅದು. ಉರಿಯೂತವೂ ಇಮ್ಯುನಿಟಿಯೂ ಬೇರೆ ಬೇರೆ ಅಲ್ಲ. ಪ್ರಯೋಗಾಲಯದ ಜೀವಕೋಶಗಳಲ್ಲಿ ಕರ್ಕ್ಯುಮಿನ್ ಉರಿಯೂತ ಚಾಲೂ ಮಾಡುವ ಸ್ವಿಚ್ಚನ್ನೇ ತಡೆಯುತ್ತದೆ. ಹಾಗಂತ ಅದು ಮೆಥೊಟ್ರೆಕ್ಸೇಟಿನ ಜಾಗ ತುಂಬುವುದಿಲ್ಲ.

ಬಿಕಾಂ ಓದಿದ ತಲೆಗೆ ಆಗ ಹೊಳೆಯಿತು. ಒಂದೇ ಡಬ್ಬಿ ಇಮ್ಯುನಿಟಿಯ ಕೆಲಸವನ್ನು ತಗ್ಗಿಸುತ್ತದೆ, ಅದೇ ಇಮ್ಯುನಿಟಿಯನ್ನು ಹೆಚ್ಚಿಸುತ್ತದೆ! ಒಂದೇ ಮೊತ್ತವನ್ನು ಒಂದೇ ಖಾತೆಗೆ ಜಮಾನೂ ಮಾಡಿ ಖರ್ಚೂ ಹಾಕಿದಂತೆ. ಯಾರಾದರೂ ಅಂಥ ವೋಚರ್ ತಂದರೆ ನಾನು ಸಹಿ ಹಾಕುತ್ತಿರಲಿಲ್ಲ. ಇದನ್ನು ಮಾತ್ರ ಕಣ್ಣುಮುಚ್ಚಿ ನುಂಗಿದೆ.

ಮುಂಬಯಿಗೆ ಮರಳಿ ಓದುತ್ತಾ ಹೋದೆ. ಅರಿಶಿನದ ಪುಡಿಯಲ್ಲಿ ಕರ್ಕ್ಯುಮಿನ್ ಇರುವುದೇ ನೂರಕ್ಕೆ ಮೂರರಷ್ಟು. ಅದೂ ರಕ್ತಕ್ಕೆ ಸೇರುವುದು ತೀರಾ ಕಡಿಮೆ. 1998ರಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನವರು 2 ಗ್ರಾಂ ಕರ್ಕ್ಯುಮಿನ್ ಜತೆ 20 ಮಿಲಿಗ್ರಾಂ ಪೈಪರಿನ್ ಕೊಟ್ಟು ನೋಡಿದರು. ಮನುಷ್ಯರಲ್ಲಿ ಹೀರಿಕೆ ಶೇ. 2000ರಷ್ಟು ಏರಿತು! ಸಾರಿನ ಚಿಟಿಕೆ ಅರಿಶಿನಕ್ಕೂ ಈ ಗುಳಿಗೆಗೂ ಎಲ್ಲಿಯ ಹೋಲಿಕೆ?

2022ರಲ್ಲಿ ಅಮೆರಿಕದ ವೈದ್ಯರು ಅರಿಶಿನದ ಗುಳಿಗೆಗಳಿಂದ ಲಿವರ್ ಕೆಟ್ಟ 10 ಜನರ ವರದಿ ಪ್ರಕಟಿಸಿದರು. ಒಬ್ಬರು ತೀರಿಕೊಂಡಿದ್ದರು. ಹತ್ತರಲ್ಲಿ ಏಳು ಜನರಲ್ಲಿ ರೋಗನಿರೋಧಕ ವ್ಯವಸ್ಥೆಗೆ ಸೇರಿದ ಒಂದೇ ಬಗೆಯ ಜೀನ್ ಇತ್ತು. ಅಂದರೆ ಅಂಥವರ ಲಿವರಿನ ಮೇಲೆ ಅವರದೇ ಇಮ್ಯುನಿಟಿ ಎರಗಿರಬಹುದೆಂಬ ಗುಮಾನಿ. ತಣ್ಣಗೆ ಮಾಡಲು ನುಂಗಿದ್ದೇ ಕೆರಳಿಸಿತೇನೋ! ಇಂಥವರು ವಿರಳ, ನಿಜ. ಆದರೆ ಆ ಜೀನ್ ನನ್ನಲ್ಲಿದೆಯೋ ಅಕ್ಕನಲ್ಲಿದೆಯೋ ಯಾರು ಕಂಡರು? ಮೆಥೊಟ್ರೆಕ್ಸೇಟ್ ತಗೊಳ್ಳುವವರ ಲಿವರನ್ನಂತೂ ಮೊದಲೇ ಆಗಾಗ ಪರೀಕ್ಷಿಸುತ್ತಿರಬೇಕು.

ಪುಣ್ಯಕ್ಕೆ ಅಕ್ಕನ ಲಿವರ್ ಸರಿಯಿತ್ತು. ಹಳೇ ಗುಳಿಗೆ ಮತ್ತೆ ಶುರುವಾಯಿತು. ಯುಗಾದಿ ಹೊತ್ತಿಗೆ ಬಾವು ಇಳಿದಿತ್ತು, ಬಲಗೈ ನಡುಬೆರಳು ಮಾತ್ರ ಇನ್ನೂ ನೆಟ್ಟಗಾಗಿಲ್ಲ. "ಇರಲಿ ಬಿಡಪಾ, ನೀ ಒಳ್ಳೇದಕ್ಕ ಕೊಟ್ಟಿದ್ದಿ" ಅನ್ನುತ್ತಾಳೆ. ಆ ಮಾತೇ ಚುಚ್ಚುತ್ತದೆ.

ಊರಿಂದ ದೂರ ಇರುವ ನಮಗೆ ಬರಿಗೈಲಿ ಹೋಗುವುದು ಆಗುವುದಿಲ್ಲ, ನೋಡಿ. ಈ ಸಲ ಚಕ್ಕಲಿ ಒಯ್ಯುತ್ತೇನೆ. ಗುಳಿಗೆ ಒಯ್ಯುವವರಿದ್ದರೆ, ಮೊದಲು ಅವರ ಡಾಕ್ಟರಿಗೊಂದು ಫೋನ್ ಮಾಡಿ. ‘ಬರೀ ಅರಿಶಿನ ತಾನೇ’ ಅನ್ನಬೇಡಿ. ನಾನೂ ಹಾಗೇ ಅಂದುಕೊಂಡಿದ್ದೆ.