ಸುಬ್ಬಿಯ ಕಣ್ಣು

ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದರೆ ಲೋಕಕ್ಕೆ ಕಾಣುವುದಿಲ್ಲವೇ ಎನ್ನುತ್ತಾರೆ. ಕಳೆದ ಶ್ರಾವಣದ ಒಂದು ಗುರುವಾರ ನಮ್ಮ ಸುಬ್ಬಿ ಒಂದೇ ಕಣ್ಣು ಮುಚ್ಚಿ ಹಾಲು ಕುಡಿಯುತ್ತಿದ್ದಳು. ನಾನು ಕಂಡೂ ಕಾಣದಂತಿದ್ದೆ. ಮಾರನೆಯ ದಿನ ವರಮಹಾಲಕ್ಷ್ಮಿ ಹಬ್ಬ. ಮನೆ ತೊಳೆಯುವುದೋ, ಬೆಕ್ಕಿನ ಕಣ್ಣು ನೋಡುವುದೋ?

ಹಬ್ಬದ ಬೆಳಿಗ್ಗೆ ನೋಡಿದರೆ ಹಳದಿ ಗೀಜು ಕಟ್ಟಿ ರೆಪ್ಪೆ ಅಂಟಿಕೊಂಡಿತ್ತು. ಪಕ್ಕದ ಮನೆಯವರು, “ನಂದಿಬಟ್ಟಲ ಹೂವಿನ ರಸ ಬಿಡ್ರೀ” ಎಂದರು. ಅತ್ತೆಯವರು, “ಅದೆಲ್ಲ ಯಾಕೆ? ನನ್ನ ಪೊರೆ ಆಪರೇಷನ್ ಆದಾಗಿನ ಡ್ರಾಪ್ಸ್ ಇನ್ನೂ ಅರ್ಧ ಸೀಸೆ ಇದೆಯಲ್ಲ” ಎಂದರು. ನನಗೂ ಅದೇ ಸರಿಯೆನ್ನಿಸಿತು. ಡಾಕ್ಟರು ಬರೆದುಕೊಟ್ಟ ಔಷಧಿ, ದುಡ್ಡು ಕೊಟ್ಟು ತಂದದ್ದು, ಚೆಲ್ಲುವುದೇಕೆ? ಮೂರು ದಿನ ಹೊತ್ತು ಹೊತ್ತಿಗೆ ಬಿಟ್ಟೆ.

ಸೋಮವಾರ ಬೆಳಕಿಗೆ ಹಿಡಿದು ನೋಡುತ್ತೇನೆ, ಗಾಜಿನಂತಿದ್ದ ಕಣ್ಣಿನ ಮೇಲೆ ಹಾಲಿನ ಕೆನೆಯಂಥ ಮಸುಕು! ಎದೆ ಧಸಕ್ಕೆಂದಿತು. ಬುಟ್ಟಿಗೆ ಹಾಕಿ, ಮೇಲೆ ಹಳೇ ಸೀರೆ ಬಿಗಿದು ದನದ ಆಸ್ಪತ್ರೆಗೆ ಓಡಿದೆ. ಎಮ್ಮೆ, ಹಸುಗಳ ನಡುವೆ ಬೆಕ್ಕು ಹಿಡಿದು ನಿಲ್ಲಲು ನಾಚಿಕೆಯಾಯಿತು. ಡಾಕ್ಟರಮ್ಮ ಮಾತ್ರ ನಗಲಿಲ್ಲ. ಕಿತ್ತಳೆ ಬಣ್ಣದ ಕಾಗದದ ಪಟ್ಟಿಯೊಂದನ್ನು ಒದ್ದೆ ಮಾಡಿ ಕಣ್ಣಿಗೆ ಮುಟ್ಟಿಸಿ, ನೀಲಿ ಬೆಳಕು ಬಿಟ್ಟರು. ಕರಿಗುಡ್ಡೆಯ ಮೇಲೆ ಸಾಸಿವೆ ಕಾಳಿನಷ್ಟು ಜಾಗ ಹಸಿರಾಗಿ ಹೊಳೆಯಿತು.

“ಇದು ಹುಣ್ಣು. ಮನೇಲಿ ಏನು ಹಾಕಿದ್ರಿ?”

ಹೇಳಿದೆ.

“ಅಂಥ ಡ್ರಾಪ್ಸ್‌ನಲ್ಲಿ ಸ್ಟೀರಾಯ್ಡ್ ಇರತ್ತಮ್ಮ. ಆಪರೇಷನ್ ಆದ ಕಣ್ಣಿನ ಊತಕ್ಕೆ ಅದು ಬೇಕು. ಹುಣ್ಣಿದ್ದರೆ ಮಾಯೋದನ್ನೇ ತಡೆಯತ್ತೆ. ಹೀಗೇ ಬಿಟ್ಟಿದ್ರೆ ಕಣ್ಣು ತೂತಾಗಬಹುದಿತ್ತು.”

ನಾನು ತಲೆ ತಗ್ಗಿಸಿದೆ. ಔಷಧಿಯೆಂದು ನಾನೇ ಕೈಯಾರೆ ಕಣ್ಣು ಕಳೆಯುವುದರಲ್ಲಿದ್ದೆ.

ಬೆಕ್ಕುಗಳಿಗೆ ಹರ್ಪಿಸ್ ಎಂಬ ವೈರಸ್‌ನಿಂದ ಹೀಗಾಗುವುದುಂಟಂತೆ. ಮರಿಯಾಗಿದ್ದಾಗ ಶೀತವಾಗಿ ಬಂದದ್ದು ಮೈಯಲ್ಲೇ ಅಡಗಿದ್ದು, ಬೆಕ್ಕು ಹೆದರಿದಾಗ, ಸೊರಗಿದಾಗ ಮತ್ತೆ ತಲೆಯೆತ್ತುತ್ತದೆ. ಬೇರೆ ಬೆಕ್ಕಿಗೆ ಅಂಟುತ್ತದೆ, ನಮಗಲ್ಲ.

ಇನ್ನು ಆರೈಕೆ! ಬೆಕ್ಕಿಗೆ ಗಂಟೆ ಕಟ್ಟುವುದಾದರೂ ಸುಲಭವೇನೋ, ಮುಲಾಮು ಹಾಕುವುದು ಕಷ್ಟ. ಮೊದಲ ದಿನ ನನ್ನ ಕೈಯೆಲ್ಲ ಗೀರು. ಆಮೇಲೆ ಉಪಾಯ ಕಲಿತೆ. ಟವೆಲಿನಲ್ಲಿ ತಲೆ ಮಾತ್ರ ಕಾಣುವಂತೆ ಸುತ್ತಿ, ಎದುರಿನಿಂದಲ್ಲ, ಹಿಂದಿನಿಂದ ಕೈ ತಂದರೆ ಅದು ಬೆದರುವುದಿಲ್ಲ. ಕುದಿಸಿ ಆರಿಸಿದ ನೀರಲ್ಲಿ ಹತ್ತಿ ಅದ್ದಿ ಗೀಜು ಒರೆಸಿ, ಡ್ರಾಪ್ಸ್ ಹಾಕಿ 5 ನಿಮಿಷ ಬಿಟ್ಟು ಮುಲಾಮು. ಪರಚಿಕೊಳ್ಳದಂತೆ ಕುತ್ತಿಗೆಗೆ ಕಾಲರ್. ನೋವಿಗೆಂದು ನಮ್ಮ ಪ್ಯಾರಾಸಿಟಮಾಲ್ ಮಾತ್ರೆ ಮಾತ್ರ ಕೊಡಲೇಬಾರದು. ಬೆಕ್ಕಿನ ಪ್ರಾಣಕ್ಕೇ ಎರವು ಎಂದು ಡಾಕ್ಟರಮ್ಮ ಎರಡು ಸಲ ಹೇಳಿ ಕಳಿಸಿದ್ದರು.

ಮೂರು ವಾರದ ಮೇಲೆ ಬಣ್ಣ ಹಾಕಿ ನೋಡಿದಾಗ ಹಸಿರು ಕಾಣಲಿಲ್ಲ. ಹೊಗೆಯಂಥ ಒಂದು ಚುಕ್ಕಿ ಮಾತ್ರ ಉಳಿದಿದೆ. ಇಲಿ ಹಿಡಿಯಲು ಅದೇನೂ ಅಡ್ಡಿಯಾಗಿಲ್ಲ.

ಸೋದರಿಯರೇ, ಉಳಿದ ಅನ್ನವನ್ನು ಚಿತ್ರಾನ್ನ ಮಾಡಬಹುದು. ಉಳಿದ ಔಷಧಿಯನ್ನು ಯಾರ ಕಣ್ಣಿಗೂ ಬಿಡಬೇಡಿ. ಒಂದು ಕಣ್ಣು ಮುಚ್ಚಿದ ಬೆಕ್ಕನ್ನು ಅಂದೇ ತೋರಿಸಿ.

ಆ ಅರ್ಧ ಸೀಸೆಯನ್ನು ಅತ್ತೆಯವರೇ ಎಸೆದರು. ಈಗ ಅವರು ದಿನಾ ಬೆಳಿಗ್ಗೆ ಕನ್ನಡಕ ಹಾಕಿಕೊಂಡು ಸುಬ್ಬಿಯ ಎರಡೂ ಕಣ್ಣು ನೋಡಿದ ಮೇಲೇ ಹಾಲು ಬಗ್ಗಿಸುತ್ತಾರೆ.