ಒಂದೊಂದೇ ಚೆಕ್ ತಡೆದು ನೋಡಿದರೆ

ಮಕ್ಕಳೇ, ಗೊದಮೊಟ್ಟೆ ಕಪ್ಪೆಯಾಗುವಾಗ ಅದರ ಬಾಲ ಎಲ್ಲಿಗೆ ಹೋಗುತ್ತದೆ? ಉದುರಿ ಬೀಳುವುದಿಲ್ಲ. ಬಾಲದ ಜೀವಕೋಶಗಳು ಕೆಲಸ ಮುಗಿಯಿತೆಂದು ತಾವೇ ಸಾಯುತ್ತವೆ. ತಾಯಿಯ ಹೊಟ್ಟೆಯಲ್ಲಿದ್ದಾಗ ನಮ್ಮ ಬೆರಳುಗಳ ನಡುವೆಯೂ ಬಾತುಕೋಳಿಯ ಪಾದದಂತೆ ಚರ್ಮವಿತ್ತು. ಆ ಕೋಶಗಳು ಸತ್ತದ್ದರಿಂದಲೇ ಬೆರಳುಗಳು ಬಿಡಿಯಾದವು.

ಸಾಯಬೇಕಾದಾಗ ಸಾಯದೆ, ಮಿತಿಯಿಲ್ಲದೆ ಬೆಳೆಯುತ್ತಲೇ ಹೋಗುವ ಕೋಶಗಳಿಂದ ಕ್ಯಾನ್ಸರ್ ಆಗುತ್ತದೆ. ನನ್ನ ಅಕ್ಕ ತೀರಿಕೊಂಡದ್ದು ಅದರಿಂದಲೇ. ಮಾತಾಡಿಸಲು ಬಂದವರಲ್ಲಿ ಕೆಲವರು ‘ಪೂರ್ವಜನ್ಮದ ಕರ್ಮ’ ಎಂದರು. ಮೊಮ್ಮಗ ನನ್ನ ಮುಖ ನೋಡಿ, “ದೊಡ್ಡಜ್ಜಿ ಏನು ತಪ್ಪು ಮಾಡಿದ್ದರು ತಾತ?” ಎಂದು ಕೇಳಿದ. “ಏನೂ ಇಲ್ಲ ಮರಿ, ಕೋಶದೊಳಗಿನ ಕೆಲವು ಜೀನ್‌ಗಳು ಕೆಟ್ಟಿದ್ದವು” ಎಂದೆ. “ಯಾವ ಜೀನ್?” ಎಂದ.

ನಮ್ಮಲ್ಲಿ ಪ್ರೋಟೀನ್ ತಯಾರಿಸಲು ಹೇಳುವ ಜೀನ್‌ಗಳೇ ಸುಮಾರು 20,000. ಯಾವುದರ ಕೆಲಸ ಏನೆಂದು ಹುಡುಕುವ ಒಂದು ಉಪಾಯ ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದ ನನಗೆ ಬಲು ಹಿಡಿಸಿತು. ಜೀನ್ ಎಂದರೆ ಖಾತೆ. ಅದು ಕೋಶದ ತಿಜೋರಿಯಲ್ಲೇ ಇರುತ್ತದೆ. ಹೊರಗೆ ಬರುವುದು ಆರ್‌ಎನ್‌ಎ ಎಂಬ ಚೆಕ್. ಅದರಲ್ಲಿ ಬರೆದಂತೆ ಪ್ರೋಟೀನ್ ತಯಾರಾಗುತ್ತದೆ. ಖಾತೆಯನ್ನು ಮುಟ್ಟದೆ ಆ ಚೆಕ್ಕಿಗೆ ‘ಸ್ಟಾಪ್ ಪೇಮೆಂಟ್’ ಕೊಟ್ಟರೆ ಜೀನ್ ಇದ್ದೂ ಸುಮ್ಮನಾಗುತ್ತದೆ.

1998ರಲ್ಲಿ ಅಮೆರಿಕದ ಆಂಡ್ರ್ಯೂ ಫೈರ್, ಕ್ರೇಗ್ ಮೆಲ್ಲೊ ಮತ್ತು ಸಂಗಡಿಗರು ಸುಮಾರು 1 ಮಿಲಿಮೀಟರ್ ಉದ್ದದ ಹುಳುವಿಗೆ ಜೋಡಿ ಎಳೆಯ ಆರ್‌ಎನ್‌ಎ ಕೊಟ್ಟು ಇದನ್ನು ತೋರಿಸಿದರು. 2006ರಲ್ಲಿ ಅವರಿಬ್ಬರಿಗೂ ನೊಬೆಲ್ ಬಂತು. ಅಷ್ಟರೊಳಗೆ, 2001ರಲ್ಲಿ, ಜರ್ಮನಿಯ ಥಾಮಸ್ ಟುಶ್ಲ್ ತಂಡ ಮನುಷ್ಯನ ಕೋಶಗಳಲ್ಲೂ ಇದು ನಡೆಯುತ್ತದೆಂದು ತೋರಿಸಿತ್ತು.

ಈಗ ಪ್ರಯೋಗಶಾಲೆಯ ತಟ್ಟೆಗಳಲ್ಲಿ ಕ್ಯಾನ್ಸರ್ ಕೋಶಗಳನ್ನು ಬೆಳೆಸಿ, ಒಂದೊಂದೇ ಜೀನನ್ನು ಸುಮ್ಮನಾಗಿಸುತ್ತಾರೆ. ಕೋಶ ಬೆಳೆಯುವುದು ನಿಂತರೆ, ಬೆಳವಣಿಗೆಗೆ ಆ ಜೀನ್ ಬೇಕಿತ್ತೆಂದು ಗೊತ್ತಾಗುತ್ತದೆ. ಸತ್ತೇಹೋದರೆ, ಅದು ಬದುಕಿದ್ದು ಆ ಜೀನಿನ ಆಸರೆಯಿಂದ. ಪಿಎಲ್‌ಕೆ1 ಎಂಬ ಜೀನನ್ನು ತಡೆದಾಗ ಹಲವು ಬಗೆಯ ಕ್ಯಾನ್ಸರ್ ಕೋಶಗಳು ಒಡೆದು ಎರಡಾಗುವ ಹೊತ್ತಿನಲ್ಲೇ ನಿಂತು ಸಾಯುತ್ತವೆ. ತಾಳೆ ನೋಡಲು ಪಕ್ಕದಲ್ಲಿ ಇನ್ನೊಂದು ತಟ್ಟೆಯಿರುತ್ತದೆ. ಅದಕ್ಕೆ ಯಾವ ಜೀನಿಗೂ ಹೊಂದದ ಆರ್‌ಎನ್‌ಎ ಹಾಕಿರುತ್ತಾರೆ.

ತಟ್ಟೆಯಲ್ಲಿ ಗೆದ್ದದ್ದು ದೇಹದಲ್ಲಿ ಸುಲಭವಲ್ಲ. ಗೆಡ್ಡೆಯ ಕೋಶಗಳಿಗೇ ಈ ಆರ್‌ಎನ್‌ಎ ತಲುಪಬೇಕು, ಅದೂ ದಾರಿಯಲ್ಲಿ ಹಾಳಾಗದೆ. 2018ರಲ್ಲಿ ಅಮೆರಿಕ ಒಪ್ಪಿದ ಇಂಥ ಮೊದಲ ಔಷಧ ನರಗಳ ಒಂದು ಅಪರೂಪದ ಕಾಯಿಲೆಗೆ. ಕ್ಯಾನ್ಸರಿನ ಮೇಲೆ ಕೆಲಸ ನಡೆದೇ ಇದೆ.

ನನ್ನ ಓರಗೆಯವರಿಗೆ ಒಂದು ಮಾತು. ಮೈಯಲ್ಲಿ ಗೆಡ್ಡೆ ಕಂಡರೆ ಕರ್ಮವೆಂದು ಮುಚ್ಚಿಡಬೇಡಿ. ಡಾಕ್ಟರಿಗೆ ತೋರಿಸಿ. ಮೊಮ್ಮಕ್ಕಳು ಏನೆಂದು ಕೇಳಿದರೆ, ಆ ಹೆಸರನ್ನು ಬಾಯಿಬಿಟ್ಟು ಹೇಳಿ.